ಗೇರ್‌ಬಾಕ್ಸಿಗೆ ಕೆಂಪು ಶಾಯಿ

ಮೊನ್ನೆ ಹಾಸನದಲ್ಲಿ ನನ್ನ ಮುದಿ ಕಾರನ್ನು ರಿಪೇರಿಗೆ ಬಿಟ್ಟು ಶೆಡ್ಡಿನ ಮುಂದಿನ ಬೆಂಚಿನ ಮೇಲೆ ಕೂತಿದ್ದೆ. ಮೆಕ್ಯಾನಿಕ್ಕು ಕಾರಿನಡಿಗೆ ತೂರಿ ಗೇರ್‌ಬಾಕ್ಸಿನ ಬಿರಡೆ ಬಿಚ್ಚಿದ. ಹಳೆಯ ಎಣ್ಣೆ ಬಾಂಡಲಿಗೆ ಇಳಿಯಿತು, ಅದರ ಬೆನ್ನಿಗೇ ವಾಸನೆಯೂ ಬಂತು. ಗೇರ್ ಎಣ್ಣೆಯ ವಾಸನೆಯನ್ನು ನೀವು ಮೂಸಿಲ್ಲದಿದ್ದರೆ ಜೀವನದಲ್ಲಿ ನಷ್ಟವೇನೂ ಆಗಿಲ್ಲ. ಒಂದಿಷ್ಟು ಗಂಧಕ, ಒಂದಿಷ್ಟು ಕೊಳೆತ ಈರುಳ್ಳಿ, ಮೇಲೊಂದಿಷ್ಟು ದುರಹಂಕಾರ. ಮೊದಲೆರಡು ಎಲ್ಲರ ಮೂಗಿಗೂ ಸಿಗುತ್ತವೆ. ಮೂರನೆಯದು ನನ್ನೊಬ್ಬನ ಮೂಗಿಗೆ ಮಾತ್ರ. ಅದೇಕೆಂದು ಹೇಳಬೇಕಾದರೆ ನಿಮ್ಮನ್ನು ಹೊಳೆನರಸೀಪುರದ ಒಂದು ಜಗಲಿಗೆ ಕರೆದುಕೊಂಡು ಹೋಗಬೇಕು. ಕಾರು ಸಿದ್ಧವಾಗಲು ಹೇಗೂ ಹೊತ್ತಿದೆ, ಬನ್ನಿ.

ಐವತ್ತರ ದಶಕದ ಕೊನೆಯ ಮಾತು. ನಾನು ಅಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ವಯಸ್ಸು ಇಪ್ಪತ್ತಾರು, ಗಾಂಭೀರ್ಯ ಅರವತ್ತಾರು. ಜೇಬಿನಲ್ಲಿ ಸದಾ ಕೆಂಪು ಶಾಯಿಯ ಪೆನ್ನು. ಉತ್ತರಪತ್ರಿಕೆಗಳು ಮುಗಿದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲವಾಗಿ, ಮನೆಗೆ ಬಂದ ಲಗ್ನಪತ್ರಿಕೆಗಳನ್ನು ತಿದ್ದುತ್ತಿದ್ದೆ, ಗೋಡೆಗೆ ಅಂಟಿಸಿದ ನೋಟೀಸುಗಳನ್ನು ತಿದ್ದುತ್ತಿದ್ದೆ. ಒಮ್ಮೆ ಪರಿಚಿತರೊಬ್ಬರು ತಮ್ಮ ತಂದೆ ತೀರಿಕೊಂಡ ಸುದ್ದಿ ಬರೆದು ಕಳಿಸಿದ ಇಂಗ್ಲಿಷ್ ಕಾಗದವನ್ನು ತಿದ್ದಿ ಅವರಿಗೇ ವಾಪಸು ಕೊಟ್ಟದ್ದುಂಟು. ಅವರು ಆಮೇಲೆ ನನ್ನೊಡನೆ ಮಾತು ಬಿಟ್ಟರು. ವಾಕ್ಯವೇನೋ ಸರಿಹೋಗಿತ್ತು.

ನಮ್ಮ ಪಕ್ಕದ ಮನೆ ವಕೀಲ ಶಾಮಣ್ಣನವರದು. ಸಕಲೇಶಪುರದ ಕಡೆ ಕಾಫಿ ತೋಟ ಮಾರಿ ಸ್ವದೇಶಕ್ಕೆ ಹೊರಟ ದೊರೆಯೊಬ್ಬನಿಂದ ಅವರು ಒಂದು ಓಟದ ಕಾರನ್ನು ಕೊಂಡರು. ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ, ಮೇಲೆ ಚಾವಣಿಯಿಲ್ಲ, ಒಳಗೆ ಎರಡೇ ಸೀಟು. ಗಂಟೆಗೆ ನೂರು ಮೈಲಿ ಓಡಬಲ್ಲದು ಎಂದು ದೊರೆ ಹೇಳಿ ಹೋಗಿದ್ದ. ಯಾವ ರಸ್ತೆಯಲ್ಲಿ ಎಂದು ಹೇಳಿರಲಿಲ್ಲ. ಹೊಳೆನರಸೀಪುರದಿಂದ ಹಾಸನದ ಕೋರ್ಟಿಗೆ ಹೋಗುವ ದಾರಿಯಲ್ಲಿ ಆ ಕಾಲಕ್ಕೆ ಕಬ್ಬಿನ ಗಾಡಿಗಳೂ ಎಮ್ಮೆಗಳೂ ಗುಂಡಿಗಳೂ ಸಮನಾಗಿ ಹಂಚಿಕೊಂಡು ಉಳಿದ ಜಾಗ ಮಾತ್ರ ವಾಹನಗಳದ್ದು. ವಕೀಲರು ದಿನಾ ಬೆಳಗಿನ ಬಸ್ಸಿನ ಜೊತೆ ಪಂದ್ಯ ಕಟ್ಟಿ ದಿನಾ ಸೋಲುತ್ತಿದ್ದರು.

ಕಾರಿನ ಜೊತೆ ಒಂದು ಪುಸ್ತಕ ಬಂದಿತ್ತು, ಕಾರನ್ನು ಹೇಗೆ ನೋಡಿಕೊಳ್ಳಬೇಕೆಂದು ಇಂಗ್ಲಿಷಿನಲ್ಲಿ ಬರೆದದ್ದು. ವಕೀಲರು ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಅವರು ಆ ಪುಸ್ತಕವನ್ನು ಪೂಜಿಸುತ್ತಿದ್ದರೇ ಹೊರತು ಓದುತ್ತಿರಲಿಲ್ಲ. ಓದುವ ಕೆಲಸ ನನ್ನದಾಯಿತು. ಸಂಜೆ ಜಗಲಿಯ ಮೇಲೆ ವ್ಯಾಸಪೀಠ ಇಟ್ಟು, ನಾಲ್ಕು ಜನ ಸೇರಿ, ನಾನು ಒಂದು ವಾಕ್ಯ ಇಂಗ್ಲಿಷಿನಲ್ಲಿ ಓದಿ ಅರ್ಥ ಹೇಳುವುದು. ಪುರಾಣ ಓದಿಸುವ ಮನೆಯಲ್ಲಿ ನಡೆಯುವ ಹಾಗೆಯೇ. ಒಂದು ವಾರ ಕ್ಲಚ್ಚಿನ ಕಥಾಭಾಗ, ಇನ್ನೊಂದು ವಾರ ಬ್ರೇಕಿನದು. ವಕೀಲರ ತಾಯಿ ಬಾಗಿಲ ಮರೆಯಲ್ಲಿ ಕೂತು ಕೇಳಿ, ಕೊನೆಗೆ ಕೈಮುಗಿದು ಒಳಗೆ ಹೋಗುತ್ತಿದ್ದರು. ಅವರಿಗೆ ಏನು ಅರ್ಥವಾಗುತ್ತಿತ್ತೋ ಕಾಣೆ. ನನಗೆ ಏನು ಅರ್ಥವಾಗುತ್ತಿತ್ತು ಎಂಬುದೂ ಇವತ್ತಿಗೂ ಇತ್ಯರ್ಥವಾಗಿಲ್ಲ.

ಹೀಗೆ ಓದುತ್ತ ಓದುತ್ತ, ಒಂದು ಸಂಜೆ ಉಳಿದವರು ಬರುವ ಮೊದಲೇ ಒಬ್ಬನೇ ಪುಟ ತಿರುವುತ್ತಿದ್ದಾಗ, ಎಣ್ಣೆಗಳ ಪಟ್ಟಿ ಬಂತು. ಎಂಜಿನ್ನಿಗೆ ಮೂವತ್ತನೇ ನಂಬರಿನ ತೆಳು ಎಣ್ಣೆ. ಸರಿ. ಹಿಂದಿನ ಚಕ್ರಗಳ ಅಚ್ಚಿಗೆ ತೊಂಬತ್ತನೇ ನಂಬರಿನ ಮಂದ ಎಣ್ಣೆ. ಅದೂ ಸರಿ. ನಡುವೆ ಗೇರ್‌ಬಾಕ್ಸು, ಅದಕ್ಕೂ ಮೂವತ್ತು ಎಂದಿತ್ತು. ನನಗೆ ನಗು ಬಂತು. ಹಲ್ಲುಚಕ್ರಗಳು ಒಂದನ್ನೊಂದು ಕಡಿಯುವ ಕಡೆ ನೀರಿನಂಥ ಎಣ್ಣೆಯೇ? ಮೇಲಿನ ಸಾಲಿನ ಅಂಕಿಯನ್ನು ಕಣ್ತಪ್ಪಿ ಕೆಳಗಿನ ಸಾಲಿಗೂ ಜೋಡಿಸಿರಬೇಕು, ಇಂಗ್ಲಿಷಿನವರೂ ಮನುಷ್ಯರೇ ಅಲ್ಲವೇ ಎಂದು ದೊಡ್ಡ ಮನಸ್ಸು ಮಾಡಿ, ಜೇಬಿನಿಂದ ಪೆನ್ನು ತೆಗೆದೆ. ಮೂವತ್ತರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ತೊಂಬತ್ತು ಎಂದು ಬರೆದೆ. ಅಭ್ಯಾಸಬಲದಿಂದ ಅಂಚಿನಲ್ಲಿ ಅರ್ಧ ಅಂಕವನ್ನೂ ಕಳೆದೆ.

ಮರುದಿನ ಎಣ್ಣೆ ಬದಲಾಯಿಸಲು ಅರಕಲಗೂಡಿನಿಂದ ಬೋರಯ್ಯ ಬಂದ. ಅವನದು ಮೂಲದಲ್ಲಿ ಮಲ್ಲಿಪಟ್ಟಣದ ಕಡೆ. ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು ಬಂದು, ಸೈಕಲ್ಲಿನ ಹಿಂದೆ ಸ್ಪಾನರುಗಳ ಚೀಲ ಕಟ್ಟಿಕೊಂಡು ಮೂರು ತಾಲ್ಲೂಕು ತಿರುಗಿ ರಿಪೇರಿ ಮಾಡುತ್ತಿದ್ದ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಆದರೂ ‘ಅವನು’. ಜಗಲಿ ಹತ್ತುತ್ತಿರಲಿಲ್ಲ, ಅಂಗಳದಲ್ಲೇ ನಿಲ್ಲುತ್ತಿದ್ದ. ನಾವೂ ಮೇಲೆ ಬಾ ಎನ್ನುತ್ತಿರಲಿಲ್ಲ. ಮಕ್ಕಳ ಕೈಲಿ ಸಮಾನತೆಯ ಬಗ್ಗೆ ಪ್ರಬಂಧ ಬರೆಸುತ್ತಿದ್ದ ನಾನೂ ಅದೇ ಜಗಲಿಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದೆ.

ಅವನ ಕೆಲಸದಲ್ಲಿ ಒಂದು ಕಟ್ಟಳೆಯಿತ್ತು. ಮೊದಲು ಕಾರನ್ನು ನಾಲ್ಕಾರು ಮೈಲಿ ಓಡಿಸಿ ಎಣ್ಣೆ ಬಿಸಿಯಾಗಲು ಬಿಟ್ಟ. ಆಮೇಲೆ, ಎಣ್ಣೆ ಇಳಿಸುವ ಬಿರಡೆಗೆ ಕೈ ಹಾಕುವ ಮೊದಲೇ, ತುಂಬುವ ಬಿರಡೆಯನ್ನು ಬಿಚ್ಚಿ ನೋಡಿಕೊಂಡ. ಯಾಕೆಂದು ವಕೀಲರು ಕೇಳಿದ್ದಕ್ಕೆ, ತುಂಬೋ ಬಾಯಿ ಬಿಚ್ಚದೆ ಹೋದರೆ ಖಾಲಿ ಮಾಡಿ ಏನು ಮಾಡುವುದು ಎಂದ. ಎಷ್ಟೋ ಸರ್ಕಾರಗಳಿಗೆ ಹೊಳೆಯದ ವಿಷಯ. ಇಳಿದ ಎಣ್ಣೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ, ಮೂಸಿ, ಅವನು ಹೇಳಿದ:

“ಇದು ತೆಳ್ಳನೆ ಎಣ್ಣೆ ಕುಡ್ದಿರೋ ಬಾಕ್ಸು ಸಾ. ಎಂಜಿನ್‌ಗೆ ಉಯ್ಯೋದ್ನೇ ಇದ್ಕೂ ಉಯ್ಬೇಕು. ಒಳ್ಗೆ ಇತ್ತಾಳೆ ಬಳೆ ಅವೆ, ಅವು ಗೇರ್ನ ಇಡ್ಕಂಡು ಸಮಾಧಾನ ಮಾಡ್ದಾಗ್ಲೇ ಅದು ಬೀಳಾದು. ಮಂದದೆಣ್ಣೆ ಉಯ್ದ್ರೆ ಬಳೆ ಜಾರ್ತವೆ. ಮ್ಯಾಲೆ ಆ ಎಣ್ಣೇಲಿರೋ ಗಂಧಕ ಇತ್ತಾಳೇನ ತಿಂದಾಕ್ತದೆ.”

ಜಗಲಿಯ ಮೇಲೆ ಒಂದು ಸಭೆಯೇ ನಡೆಯಿತು. ಜೀವಮಾನದಲ್ಲಿ ಕಾರು ಹತ್ತದವರೊಬ್ಬರು ಗಾಡಿಯ ಕೀಲೆಣ್ಣೆಯಷ್ಟು ಶ್ರೇಷ್ಠವಾದದ್ದು ಬೇರಿಲ್ಲ ಎಂದರು. ಇನ್ನೊಬ್ಬರು, ಓಟದ ಕಾರು ಎಂದಮೇಲೆ ಎಣ್ಣೆಯೂ ಪುಷ್ಟಿಯಾಗಿರಬೇಕು, ಪೈಲ್ವಾನನಿಗೆ ಗಂಜಿ ಕೊಡುತ್ತೇವೆಯೇ ಎಂದರು. ವಕೀಲರು ತೀರ್ಪಿಗಾಗಿ ನನ್ನ ಕಡೆ ತಿರುಗಿದರು.

“ಏನ್ರೀ ಮೇಷ್ಟ್ರೇ, ಗ್ರಂಥ ಏನನ್ನುತ್ತೆ?”

ನಾನು ಎದ್ದು ನಿಂತು “ನೈಂಟಿ” ಎಂದು ಓದಿದೆ. ಅಷ್ಟಕ್ಕೆ ಸಾಲದೆ, ಓದು ಬಾರದ ಬೋರಯ್ಯನಿಗೂ ಮನವರಿಕೆಯಾಗಲೆಂದು ಪುಟವನ್ನು ಅವನ ಮುಖದ ಮುಂದೆ ಹಿಡಿದೆ. ಅವನು ಪುಟವನ್ನು ಸ್ವಲ್ಪ ಹೊತ್ತು ನೋಡಿದ. ನನ್ನನ್ನೂ ಸ್ವಲ್ಪ ಹೊತ್ತು ನೋಡಿದ.

“ನಿಮ್ ಬುಕ್ನಾಗೆ ಅಂಗೈತೆ ಅಂದ್ರೆ ಅಂಗೇ ಆಗ್ಲಿ ಸಾ” ಎಂದ.

ತುಂಬುವ ಬಾಯಿ ಸೀಟುಗಳ ನಡುವೆ, ನೆಲಹಾಸಿನ ಕೆಳಗೆ, ಕೈ ಹೋಗದ ಸಂದಿಯಲ್ಲಿತ್ತು. ಲಾಳಿಕೆ ಹಿಡಿಸಲಿಲ್ಲ. ಕೊನೆಗೆ ಕೊಟ್ಟಿಗೆಯಿಂದ ದನಗಳಿಗೆ ಕಷಾಯ ಕುಡಿಸುವ ಬಿದಿರಿನ ಗೊಟ್ಟ ತರಿಸಿ, ಹಾಸನದ ಪೆಟ್ರೋಲ್ ಬಂಕಿನಿಂದ ತಂದ ತೊಂಬತ್ತನೇ ನಂಬರಿನ ಎಣ್ಣೆಯನ್ನು ಕಾರಿಗೆ ಕುಡಿಸಿದೆವು. ಹಸುವಾದರೂ ತಲೆ ಕೊಡವುತ್ತಿತ್ತು. ಇಂಗ್ಲೆಂಡಿನ ಕಾರು, ಸಭ್ಯವಾಗಿ ಕುಡಿಯಿತು.

ಚಳಿಗಾಲ ಬಂತು. ಬೆಳಿಗ್ಗೆ ಗೇರಿನ ಕೋಲು ಹಟಮಾರಿ ಸಾಕ್ಷಿಯಂತೆ ಒಂದೇ ಕಡೆ ನಿಂತುಬಿಡುತ್ತಿತ್ತು. ಜೋರು ಮಾಡಿದರೆ ಕರಕರ ಕಿರುಚುತ್ತಿತ್ತು. ಒಂದು ದಿನ ಹಾಸನದ ಕೋರ್ಟಿನ ಮುಂದೆ, ಎದುರು ಪಕ್ಷದ ವಕೀಲರ ಸಮ್ಮುಖದಲ್ಲಿ, ಕಾರು ಇಡೀ ಆವರಣ ತಿರುಗಿ ನೋಡುವಂತೆ ಕಿರುಚಿತು. ಶಾಮಣ್ಣನವರು ಊರಿಗೆ ಬಂದವರೇ, ಆ ಅರಕಲಗೂಡಿನವನು ಕಾರು ಕೆಡಿಸಿಬಿಟ್ಟ ಎಂದರು. ಜಗಲಿ ಒಪ್ಪಿತು. ಕೀಲೆಣ್ಣೆಯವರು, ನನಗೆ ಅವತ್ತೇ ಅನುಮಾನವಿತ್ತು ಎಂದರು. ನಾನು ಏನೂ ಎನ್ನಲಿಲ್ಲ. ಏನೂ ಎನ್ನದಿರುವುದನ್ನು ಆ ದಿನಗಳಲ್ಲಿ ನಾನು ಗಾಂಭೀರ್ಯ ಎಂದು ಕರೆಯುತ್ತಿದ್ದೆ.

ವಿಷಯ ಅಲ್ಲಿಗೇ ನಿಂತಿದ್ದರೆ ನನ್ನ ಗಾಂಭೀರ್ಯ ಬಾಳುತ್ತಿತ್ತೇನೋ. ಆದರೆ ಚನ್ನರಾಯಪಟ್ಟಣದ ಬಸ್ ಮಾಲೀಕರೊಬ್ಬರು ಶಾಮಣ್ಣನವರ ಕಕ್ಷಿದಾರರು. ತಮ್ಮ ಶೆಡ್ಡಿಗೆ ಬೋರಯ್ಯನನ್ನು ಹೆಡ್ ಮೇಸ್ತ್ರಿ ಮಾಡಿಕೊಳ್ಳುವ ಯೋಚನೆಯಲ್ಲಿ, ಮನುಷ್ಯ ಹೇಗೆ ಎಂದು ಕೇಳಲು ಬಂದರು. ವಕೀಲರು ಕಾರನ್ನು ತೋರಿಸಿದರು. ಮಾಲೀಕರು ಗೇರು ಹಾಕಿ ನೋಡಿ, ಆ ಕಿರುಚಾಟ ಕೇಳಿ, ಸೋಮವಾರದ ತನಕ ಯೋಚಿಸುತ್ತೇನೆ ಎಂದು ಎದ್ದರು.

ಶನಿವಾರ ಬೆಳಗಿನ ಶಾಲೆ ಬಿಟ್ಟಾಗ ಬೋರಯ್ಯ ಗೇಟಿನ ಹತ್ತಿರ ಸೈಕಲ್ಲು ಹಿಡಿದು ನಿಂತಿದ್ದ. ಆ ಕೆಲಸ ಸಿಕ್ಕಿದರೆ ಶೆಡ್ಡಿನ ಪಕ್ಕದಲ್ಲೇ ಮನೆ ಕೊಡುತ್ತಾರಂತೆ, ಮಗಳನ್ನು ಅಲ್ಲಿಯ ಹೈಸ್ಕೂಲಿಗೆ ಸೇರಿಸಬಹುದಂತೆ. ಅರಕಲಗೂಡಿನಲ್ಲಿ ಅವಳನ್ನು ಓದು ಬಿಡಿಸಿಯಾಗಿತ್ತು. ಇಷ್ಟನ್ನೂ ನೆಲ ನೋಡುತ್ತಲೇ ಹೇಳಿ, ಆಮೇಲೆ ತಲೆಯೆತ್ತಿದ.

“ನಂಗೆ ಅಕ್ಸರ ಬರಾಕಿಲ್ಲ ಸಾ. ಅಂಕಿ ಬತ್ತವೆ. ಮಿಲ್ಟ್ರೀಲಿ ಡಬ್ಬದ ಮ್ಯಾಲಿನ ಅಂಕಿ ನೋಡೇ ಎಣ್ಣೆ ಉಯ್ತಿದ್ದೊ. ಅವತ್ತು ನೀವು ಬುಕ್ ತೋರ್ಸುದ್ರಲ್ಲ, ಮೂವತ್ತರ ಮ್ಯಾಲೆ ಕೆಂಪು ಗೆರೆ ಇತ್ತು.”

ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ, ತಪ್ಪು ಅವನದೇ ಎಂಬಂತೆ.

“ಅಷ್ಟು ಜನದ ಮುಂದೆ ಮೇಷ್ಟ್ರುನ್ನ ಎಂಗ್ ಸಾ ತಿದ್ದಾದು?”

ಸಂಜೆ ಜಗಲಿಗೆ ಹೊರಟಾಗ ಪೂರ್ತಿ ತಪ್ಪೊಪ್ಪಿಗೆಯನ್ನು ಮನಸ್ಸಿನಲ್ಲಿ ಬರೆದುಕೊಂಡು, ಎರಡು ಸಲ ತಿದ್ದಿ, ನಿರ್ದುಷ್ಟವಾಗಿ ಒಯ್ದಿದ್ದೆ. ಬಾಯಿ ತೆರೆದಾಗ ಹೊರಗೆ ಬಂದದ್ದು ಬೇರೆ. “ವಕೀಲರೇ, ಗೇರ್‌ಬಾಕ್ಸಿಗೆ ಮೂವತ್ತೇ ಸರಿ. ಬೋರಯ್ಯ ಅವತ್ತು ಹೇಳಿದ್ದೇ ಸರಿ. ಪುಸ್ತಕದಲ್ಲಿ... ಅಚ್ಚಿನ ದೋಷ.”

ಶಾಮಣ್ಣನವರ ಮುಖ ಅರಳಿತು. ಅರಕಲಗೂಡಿನವನನ್ನು ಸೋಲಿಸುವುದಕ್ಕಿಂತ ಇಂಗ್ಲೆಂಡಿನವನನ್ನು ಸೋಲಿಸುವುದು ದೊಡ್ಡದಲ್ಲವೇ? ಬೋರಯ್ಯನನ್ನು ಕರೆಸಿ ಎಣ್ಣೆ ಇಳಿಸಿದಾಗ ಅದರಲ್ಲಿ ಹಿತ್ತಾಳೆಯ ಪುಡಿ ಹೊಳೆಯುತ್ತಿತ್ತು. ತೆಳು ಎಣ್ಣೆ ಹೊಯ್ದ ಮೇಲೆ ಕಾರು ಸುಧಾರಿಸಿತು. ಸವೆದ ಬಳೆ ಮತ್ತೆ ಬೆಳೆಯುವುದಿಲ್ಲವಾಗಿ ಮೂರನೇ ಗೇರು ಮಾತ್ರ ಕೊನೆಯವರೆಗೂ ಗೊಣಗಿತು. ವಕೀಲರು ಮಾಲೀಕರಿಗೆ ಮೇಸ್ತ್ರಿಯದೇನೂ ತಪ್ಪಿಲ್ಲವೆಂದು ಭಾನುವಾರವೇ ಹೇಳಿ ಕಳಿಸಿದರು. ಕಾರಿನ ಕಂಪನಿಗೆ ನೋಟೀಸು ಕೊಡುತ್ತೇನೆಂದು ಹೊರಟವರನ್ನು ತಡೆಯಲು ನನಗೆ ಒಂದು ವಾರ ಹಿಡಿಯಿತು. ಪುಸ್ತಕವನ್ನು ಪರಿಶೀಲಿಸುತ್ತೇನೆಂದು ಮನೆಗೆ ತಂದೆ. ಇನ್ನೂ ವಾಪಸು ಕೊಟ್ಟಿಲ್ಲ.

ಅಚ್ಚಿನ ದೋಷದ ಸಂಗತಿ ಕೇಳಿ ಬೋರಯ್ಯ ನನಗೆ ಹೇಳಿದ್ದಿಷ್ಟೇ: “ಇರ್ಲಿ ಬುಡಿ ಸಾ. ಅಚ್ಚು ಆಕ್ದೋನು ಇಲ್ಲೀಗಂಟ ಬಂದು ಜಗಳ ಆಡಾಕಿಲ್ವಲ್ಲ.”

ಕೆಲವು ವರ್ಷಗಳ ಮೇಲೆ, ಅರವತ್ತರ ದಶಕದಲ್ಲಿ, ನುಗ್ಗೇಹಳ್ಳಿಗೆ ಹೋಗಲು ಚನ್ನರಾಯಪಟ್ಟಣದಲ್ಲಿ ಬಸ್ಸಿಗೆ ಕಾಯುತ್ತಿದ್ದವನು ಆ ಶೆಡ್ಡಿಗೆ ಹೋದೆ. ಬೋರಯ್ಯ ಬೆಂಚು ಒರೆಸಿ ನನ್ನನ್ನು ಕೂರಿಸಿ, ತಾನೂ ಪಕ್ಕದಲ್ಲೇ ಕೂತು ಕಾಫಿ ತರಿಸಿದ. ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಳಂತೆ, ಇಂಗ್ಲಿಷಿನಲ್ಲಿ ಒಳ್ಳೆಯ ನಂಬರು. ಗೋಡೆಯ ತುಂಬ ಯಾವ ಬಸ್ಸಿನ ಯಾವ ಭಾಗಕ್ಕೆ ಯಾವ ಎಣ್ಣೆ ಎಂದು ದಪ್ಪ ಅಂಕಿಗಳಲ್ಲಿ ಬರೆಸಿದ್ದ. ಎಲ್ಲವೂ ಕೆಂಪು ಬಣ್ಣದಲ್ಲಿ. ನಾನು ಗೋಡೆ ನೋಡುವುದನ್ನು ಅವನು ನೋಡಿದ.

“ಕೆಂಪಲ್ಲಿ ಬರುದ್ರೆ ಯಾರೂ ಎದ್ರಾಡಾಕಿಲ್ಲ ಸಾ” ಎಂದ. ಅವನು ಮೀಸೆಯೊಳಗೇ ನಗುತ್ತಿದ್ದ.

ಈಗ ಹಾಸನದ ಮೆಕ್ಯಾನಿಕ್ಕು ಕಾರಿನಡಿಯಿಂದ ತೆವಳಿ ಬಂದು, ಬೆರಳಿನಲ್ಲಿ ಎಣ್ಣೆ ಉಜ್ಜುತ್ತ, ಬೆಂಚಿನಿಂದ ಮಾರು ದೂರ ನಿಂತ. ನರೆತ ಕೂದಲಿನ ಮನುಷ್ಯ.

“ಯಾವ್ ಆಯಿಲ್ ಆಕಣ ಸಾ? ಬುಕ್ ಐತಾ?”

ಈ ಕಾರಿನ ಪುಸ್ತಕ ಕಾರಿನಲ್ಲೇ ಇತ್ತು. ಬೆಂಚಿನ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿದೆ. “ಬುಕ್ಕಿರಲಿ, ಆಮೇಲೆ ಇಬ್ಬರೂ ನೋಡೋಣ. ಮೊದಲು ಇಲ್ಲಿ ಬಂದು ಕೂತ್ಕೊಳ್ಳಿ. ನಿಮ್ಮ ಕೈಗೆ ಏನನ್ನಿಸ್ತು ಹೇಳಿ.”

ಅವರು ಅನುಮಾನಿಸುತ್ತಲೇ ಬೆಂಚಿನ ತುದಿಯಲ್ಲಿ ಕೂತು ಹೇಳತೊಡಗಿದರು. ನಾನು ಅಂದುಕೊಂಡಿದ್ದಕ್ಕೂ ಅವರು ಹೇಳಿದ್ದಕ್ಕೂ ಸಂಬಂಧವೇ ಇರಲಿಲ್ಲ. ನನ್ನ ಕೈ ತಾನಾಗಿಯೇ ಪೆನ್ನಿದ್ದ ಜೇಬಿಗೆ ಹೋಯಿತು. ಅಲ್ಲಿಂದ ಕರವಸ್ತ್ರ ಹಿಡಿದು ಹೊರಗೆ ಬಂತು, ಅವರು ಎಣ್ಣೆಯ ಕೈ ಒರೆಸಿಕೊಳ್ಳಲಿ ಎಂದು.