ಗೋವಿನಜೋಳದ ಕಾಳಿನಷ್ಟು ಹಲ್ಲು

ಮಧ್ಯಾಹ್ನ ಮೂರೂವರೆಗೆ ಅಕ್ಕನ ಮಗಳ ಎಡಗಣ್ಣು ಬಾತು ಮುಚ್ಚಿಹೋಯಿತು. ಹೊತ್ತು ಸರಿಯಾಗಿ ನೆನಪಿದೆ, ಏಕೆಂದರೆ ಬಿಸಿ ಉಪ್ಪಿನ ಗಂಟನ್ನು ಅವಳ ಕೆನ್ನೆಗೆ ಹತ್ತು ನಿಮಿಷ ಒತ್ತಬೇಕೆಂದು ನಾನೇ ಗಡಿಯಾರ ನೋಡುತ್ತ ಕೂತಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ಬಿ.ಎಸ್ಸಿ. ಮುಗಿಸಿ ಸಂಪಗಾಂವದ ಮನೆಯಲ್ಲಿದ್ದೆ. ಅಕ್ಕ ಮೂರು ವರ್ಷದ ಮಗಳೊಂದಿಗೆ ತವರಿಗೆ ಬಂದಿದ್ದಳು. ಮಲಗುವಾಗ ಕೂಸಿಗೆ ಬೆಲ್ಲದ ಗಂಟು ಬೇಕು. ಹಳೆಯ ಧೋತರದ ಚೂರಿನಲ್ಲಿ ಬೆಲ್ಲ ಕಟ್ಟಿ ಬಾಯಿಗಿಟ್ಟರೆ ಚೀಪುತ್ತ ನಿದ್ದೆ ಹೋಗುತ್ತಿತ್ತು. ಹೊಲಕ್ಕೆ ಹೋಗುವ ತಾಯಂದಿರು ಹಾಗೆಯೇ ಮಕ್ಕಳನ್ನು ಸುಮ್ಮನಿರಿಸುತ್ತಿದ್ದರು. ನಾನೂ ಅದನ್ನು ಚೀಪಿ ಬೆಳೆದವಳೇ. ಕೂಸಿನ ಮೇಲಿನ ಹಲ್ಲುಗಳು ಕಪ್ಪಾಗಿ ಸವೆದಿದ್ದವು. ಆ ವಾರ ಹಲ್ಲುನೋವಿಗೆ ಕೂಸು ಮಲಗಿರಲಿಲ್ಲ, ನಮ್ಮನ್ನೂ ಮಲಗಗೊಟ್ಟಿರಲಿಲ್ಲ.

"ಹಾಲಹಲ್ಲು ಅದಾವ, ಬಿಡ್ರವಾ. ಬೀಳೂ ಹಲ್ಲಿಗೆ ಯಾರರ ದವಾಖಾನಿಗೆ ಹೋಗತಾರೇನು?" ಎಂದು ಅವ್ವ ನಕ್ಕಿದ್ದಳು. ನಾವೂ ನಕ್ಕಿದ್ದೆವು. ಕೆನ್ನೆ ಬಾತಾಗ ಉಪ್ಪು ಹುರಿದು ಶಾಖ ಕೊಟ್ಟವಳು ನಾನು. ಬಾವು ಇಳಿಯಲಿಲ್ಲ, ಮೇಲಕ್ಕೆ ಹತ್ತಿತು.

ಪಕ್ಕದ ಮನೆಯವರ ಟೆಂಪೋದಲ್ಲಿ ಬೈಲಹೊಂಗಲಕ್ಕೆ ಓಡಿದೆವು. ಹಲ್ಲಿನ ಡಾಕ್ಟರು ನಡುವಯಸ್ಸಿನ ಹೆಂಗಸು. ಬಾಯಿ ತೆರೆಸುವ ಮೊದಲೇ ಕೆಂಪಾದ ಕೆನ್ನೆ ನೋಡಿದರು.

"ಶಾಖಾ ಕೊಟ್ರೇನು?"

"ಹೂನ್ರೀ, ನಾನ ಕೊಟ್ಟೆ."

"ಎಷ್ಟ ಓದೀರಿ?"

"ಬಿ.ಎಸ್ಸಿ. ರೀ."

"ಭಾಳ ಚಲೋ ಆತು. ಕೀವಾದಲ್ಲೆ ಶಾಖಾ ಕೊಡ್ರಿ ಅಂತ ಯಾವ ಪುಸ್ತಕದಾಗ ಬರದಿತ್ರಿ? ಕಣ್ಣಿನ ಕಡೆ ಹೊಂಟೈತಿ ಅದು. ಇನ್ನೂ ಮ್ಯಾಲ ಏರಿದ್ರ ಜೀವಕ್ಕ ಬರತೈತಿ."

ಅಕ್ಕ ನನ್ನತ್ತ ನೋಡಲೇ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಕೂಸಿನ ತಲೆ ಹಿಡಿದೆ, ಅಕ್ಕ ಕಾಲು ಹಿಡಿದಳು. ಕಿತ್ತ ಹಲ್ಲು ಸ್ಟೀಲಿನ ಬಟ್ಟಲಿಗೆ ಟಣ್ಣೆಂದು ಬಿತ್ತು. ಗೋವಿನಜೋಳದ ಕಾಳಿನಷ್ಟು. ಅದರ ಬೆನ್ನಿಗೇ ಕೀವು ಹರಿಯಿತು. ಇಷ್ಟು ಚಿಕ್ಕದು ಒಂದು ಜೀವವನ್ನು ಸಾವಿನ ಅಂಚಿಗೆ ತಂದು ನಿಲ್ಲಿಸಿತ್ತು. ಈಗಲೂ ಕೆಲವೊಮ್ಮೆ ಅಂಗೈಯಲ್ಲಿ ಆ ಉಪ್ಪಿನ ಗಂಟಿನ ಬಿಸಿ ಇದೆಯೆನಿಸುತ್ತದೆ.

ಅಲ್ಲಿಂದ ಮಕ್ಕಳ ದವಾಖಾನೆಗೆ ಸೇರಿಸಿದೆವು; ಸಲಾಯಿನ್, ಇಂಜೆಕ್ಷನ್. ಮೂರನೆಯ ಬೆಳಿಗ್ಗೆ ಬಾತ ರೆಪ್ಪೆ ಗೆರೆಯಷ್ಟು ಬಿರಿಯಿತು. ಅದರೊಳಗೆ ಕರಿಗುಡ್ಡೆ ಹೊರಳಿ ನನ್ನನ್ನು ಹುಡುಕಿತು.

"ಚಿಗವ್ವಾ, ಯಾಕ ಅಳಾಕತ್ತಿ?"

ಆ ಪುಟ್ಟ ಮೈ ಅಷ್ಟು ವಿಷವನ್ನು ಹೊರಹಾಕಿ ಮತ್ತೆ ಮಾತಾಡುತ್ತಿತ್ತು.

ಮನೆಗೆ ಕಳಿಸುವ ಮುಂಚೆ ಹಲ್ಲಿನ ಡಾಕ್ಟರು ಹುಳುಕಾಗಿದ್ದ ಇನ್ನೆರಡು ಹಲ್ಲು ತುಂಬಿದರು. "ಬೀಳೂ ಹಲ್ಲು ಖರೆ. ಬೀಳೂತನಕ ಕೂಸು ಉಣಬೇಕಲ್ರಿ?" ಎಂದರು, ಕರೆದೊಯ್ಯಲು ಬಂದು ಮತ್ತೆ ಹಳೆಯ ಮಾತನ್ನೇ ಆಡಿದ ಅವ್ವನಿಗೆ. "ಮಲಗೂ ಮುಂದ ಬೆಲ್ಲಾ, ಸೀ ಪೂರಾ ಬಂದ್. ಬಟಾಣಿ ಕಾಳಿನಷ್ಟು ಪೇಸ್ಟ್ ಹಚ್ಚಿ ದಿನಾ ಎರಡ ಸಲ ನೀವ ತಿಕ್ಕರಿ, ಕೂಸಿನ ಕೈಯಾಗ ಕೊಡಬ್ಯಾಡ್ರಿ."

ಮನೆಯಲ್ಲಿ ನಾಲ್ಕು ರಾತ್ರಿ ಕೂಸು ಬೆಲ್ಲಕ್ಕಾಗಿ ಅತ್ತಿತು. ಸರದಿಯ ಮೇಲೆ ಹೆಗಲಿಗೆ ಹಾಕಿಕೊಂಡು ತಿರುಗಿದೆವು. ಐದನೆಯ ರಾತ್ರಿ ಕಳೆದು ನಾವು ಕಣ್ಣು ಬಿಟ್ಟಾಗ ಬಿಸಿಲು ಪಡಸಾಲೆಗೆ ಬಂದಿತ್ತು. ರಾತ್ರಿ ಯಾರೂ ಎದ್ದಿರಲಿಲ್ಲ. ಅಕ್ಕ ಗಾಬರಿಯಾಗಿ ಕೂಸಿನ ಮೂಗಿನ ಕೆಳಗೆ ಬೆರಳಿಟ್ಟಳು. ಆಮೇಲೆ ನನ್ನ ಕೈ ಎಳೆದು ಅಲ್ಲಿಟ್ಟಳು. ಬೆಚ್ಚಗೆ ಉಸಿರು ಬರುತ್ತಿತ್ತು.