ಜಿನ್ನಪ್ಪ ಮಾಸ್ತರರ ಅಲ್ಯುಮಿನಿಯಂ ಪಾವ್

ಯಾರ ಮನೆಗೆ ಹೋದರೂ ಜಿನ್ನಪ್ಪ ಮಾಸ್ತರರು ಮೊದಲು ಒಂದು ಗ್ಲಾಸು ನೀರು ಕೇಳುತ್ತಿದ್ದರು, ಕುಡಿಯಲಿಕ್ಕಲ್ಲ. ಕಿಸೆಯಿಂದ ಬೂದು ಬಣ್ಣದ ಲೋಹದ ಚೂರೊಂದನ್ನು ತೆಗೆದು ಆ ನೀರಿಗೆ ಬಿಡುತ್ತಿದ್ದರು. ಅದು ತೇಲುತ್ತಿತ್ತು. ನಮ್ಮ ಶೇಡಬಾಳದಲ್ಲಿ ಆ ಚೂರನ್ನು ನೋಡದ ಮನೆಯಿಲ್ಲ. ಹೆಣ್ಣು ನೋಡಲು ಹೋದಲ್ಲಿಯೂ ಬೀಗರ ಮಾತು ನಿಲ್ಲಿಸಿ ತೇಲಿಸಿ ಬಂದಿದ್ದರು ಪುಣ್ಯಾತ್ಮ!

ಚಿಕ್ಕೋಡಿಯ ಪಾಲಿಟೆಕ್ನಿಕ್ಕಿನಲ್ಲಿ ಲೋಹದ ಪಾಠ ಹೇಳಿ ನಿವೃತ್ತರಾದವರು. ಕರಗಿದ ಅಲ್ಯುಮಿನಿಯಂಗೆ ಅದೇನೋ ಪುಡಿ ಬೆರೆಸಿದರೆ ಗುಳ್ಳೆಗುಳ್ಳೆಯಾಗಿ ಉಬ್ಬುತ್ತದಂತೆ. ಹದ ನೋಡಿ ಆರಿಸಿದರೆ ಒಳಗೆಲ್ಲ ತೂತು ತೂತಾದ, ಪಾವ್ ಬ್ರೆಡ್ಡಿನಂಥ ಲೋಹ. ಹುಡುಗರು ಅವರಿಗೆ ‘ಪಾವ್ ಸರ್’ ಎಂದೇ ಹೆಸರಿಟ್ಟಿದ್ದರು. ಅವರಿಗೇನೂ ಬೇಸರವಿರಲಿಲ್ಲ.

“ಗಟ್ಟಿ ಇದ್ದದ್ದು ಪೆಟ್ಟನ್ನ ಮುಂದಿನವರಿಗೆ ದಾಟಸ್ತೈತಿ. ಇದು ತಾನ ಜಜ್ಜಿ ಹೋಗಿ ಪೆಟ್ಟು ನುಂಗತೈತಿ,” ಎನ್ನುವರು.

ಹೆಂಡತಿ ಕುಸುಮ ವೈನಿಯ ಕಿಡ್ನಿ ಕೈಕೊಟ್ಟ ಮೇಲೆ ಈ ಮಾತಿನಲ್ಲಿದ್ದ ತಮಾಷೆ ಹೋಯಿತು. ದಿನ ಬಿಟ್ಟು ದಿನ ಡಯಾಲಿಸಿಸ್‌ಗೆಂದು ಮಿರಜಕ್ಕೆ ಕರೆದೊಯ್ಯಬೇಕಿತ್ತು. ಅವರ ನೆರೆಮನೆಯವಳು ನಾನು, ಅಲ್ಲಿಯೇ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮರಳುವಾಗ ಅವರ ಹಳೇ ಕಾರಿನ ಹಿಂದಿನ ಸೀಟು ನನಗೆ. ಕಬ್ಬಿನ ಸೀಸನ್ನಿನಲ್ಲಿ ಆ ದಾರಿ ವೈರಿಗೂ ಬೇಡ. ಎರಡೂ ಬದಿ ಆಳೆತ್ತರದ ಕಬ್ಬು, ಮುಂದೆ ಕಬ್ಬು ಹೇರಿದ ಟ್ರಾಲಿ, ಹಿಂದೆ ಟ್ರಾಲಿ. ಹಿಂದಿನ ಬಾಗಿಲು ಒಳಗಿಂದ ತೆಗೆಯಲು ಬರುತ್ತಿರಲಿಲ್ಲ. ನನಗೆ ಉಸಿರು ಕಟ್ಟಿದಂತಾಗುತ್ತಿತ್ತು.

“ಅಲ್ಲಿ ಮಷೀನಿಗೆ ಕಟ್ಟತಾರ, ಇಲ್ಲಿ ಇವರು ಬೆಲ್ಟಿಗೆ ಕಟ್ಟತಾರ. ಎಮ್ಮಿನಾದ್ರೂ ಒಮ್ಮೆ ಮೇಯಾಕ ಬಿಡತಾರ,” ಎಂದು ವೈನಿ ನಗುತ್ತಿದ್ದರು.

ಟ್ರಾಲಿಗಳಿಗೆ ಹಿಂದೆ ದೀಪವಿಲ್ಲದ್ದು ಮಾಸ್ತರರ ನಿದ್ದೆ ಕೆಡಿಸಿತ್ತು. ಪರಿಚಯದವರ ಫೌಂಡ್ರಿಯಲ್ಲಿ ತಿಂಗಳುಗಟ್ಟಲೆ ಹೆಣಗಿ ಆ ಲೋಹದ ದೊಡ್ಡ ತುಂಡುಗಳನ್ನು ಎರಕ ಹೊಯ್ದರು. ಒಂದೇ ಒಂದು ಹದಕ್ಕೆ ಬಂತು, ಉಳಿದವು ಉಬ್ಬಿ ಕುಸಿದವು. ಅದನ್ನು ಕಾರಿನ ಮುಂದಿನ ಬಂಪರಿನ ಹಿಂದೆ, ಎಡಗಡೆ, ವೈನಿ ಕೂಡುವ ಬದಿಗೆ ಬಿಗಿದರು. ತಮ್ಮ ಬದಿ ಖಾಲಿ. ಪೇಚು ಇದ್ದದ್ದು ಇಲ್ಲೇ. ಆ ತುಂಡು ಕೆಲಸ ಮಾಡಬೇಕಾದರೆ ಪೆಟ್ಟು ವೈನಿಯ ಬದಿಗೇ ಬೀಳಬೇಕು. “ಬಡಿಯೂದ ಬಂತಂದ್ರ ಎಡಕ್ಕ ಬಡೀಬೇಕು,” ಎಂದು ದಾರಿಯುದ್ದಕ್ಕೂ ತಮಗೆ ತಾವೇ ಜಪಿಸುತ್ತಿದ್ದರು.

“ಅಂದ್ರ ನನ್ನ ಮುಂದ ಮಾಡಿ ಬಡಸ್ತೀರಿ,” ಎಂದರು ವೈನಿ ಒಮ್ಮೆ. ಮಾಸ್ತರರು ಕಾಗವಾಡ ಬರುವವರೆಗೂ ಸ್ಟಿಯರಿಂಗ್ ಬಿಗಿ ಹಿಡಿದು ಮುಂದಿನ ಟ್ರಾಲಿಯಿಂದ ದೂರ ಉಳಿದೇ ಓಡಿಸಿದರು.

ಆ ಸಂಜೆ ಆಸ್ಪತ್ರೆಯಲ್ಲಿ ತಡವಾಯಿತು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ವೈನಿ ತುತ್ತು ಮುಟ್ಟುವವರಲ್ಲ. ಬೆಳಗಿನಿಂದ ಉಪವಾಸ ಬೇರೆ. ಎಂದೂ ಅವಸರ ಮಾಡದ ಮನುಷ್ಯ ಅಂದು ಜೋರಾಗಿ ಓಡಿಸಿದರು. ಕಾಗವಾಡ ದಾಟಿದೆವು. ಮುಂದಿದ್ದ ಟ್ರ್ಯಾಕ್ಟರ್ ಒಮ್ಮೆಲೇ ಬಲಕ್ಕೆ ಸರಿಯಿತು. ಅದರಾಚೆ ಅಚ್ಚು ಮುರಿದ ಟ್ರಾಲಿ ದಾರಿಯಲ್ಲೇ ನಿಂತಿತ್ತು.

ಎಡಬದಿಗೆ ಬಡಿಯಬೇಕಾದರೆ ಸ್ಟಿಯರಿಂಗ್ ಬಲಕ್ಕೆ ಹೊರಳಬೇಕು. ಮಾಸ್ತರರ ಕೈ ಎಡಕ್ಕೆ ಹೊರಳಿತು; ತುಂಡಿಲ್ಲದ ಅವರ ಬದಿಯೇ ಟ್ರಾಲಿಗೆ ಬಡಿಯಿತು.

ಗಾಜು ಒಡೆದು ಕಬ್ಬು ಒಳಗೆ ನುಗ್ಗಿತು. ಬಾಗಿಲುಗಳೆಲ್ಲ ಜಾಮು. ನಾನು ಕಿಟಕಿ ಬಡಿದು ಬಡಿದು ಸೋತೆ. ಸ್ಟಿಯರಿಂಗ್ ಮಾಸ್ತರರ ಎದೆಗೆ ಒತ್ತಿಕೊಂಡಿತ್ತು.

“ಕುಸುಮಾ, ನಿನಗೇನರ ಆತೇನು?”

“ಏನೂ ಆಗಿಲ್ರಿ.”

“ನೋಡು, ನುಂಗೇತಿ,” ಎಂದರು. ಅಷ್ಟು ಸಣ್ಣ ಉಸಿರಿನಲ್ಲೂ ಪಾಠ ಹೇಳುವ ಧಾಟಿಯೇ.

ವೈನಿಯ ಮುಂದೆ ಬಂಪರಿಗೆ ಏನೂ ತಾಗಿರಲಿಲ್ಲ. ಅವರ ಬದಿಗೆ ಬರೀ ಖಾಲಿ ದಾರಿ; ಅದು ಅವರಿಗೂ ಕಾಣುತ್ತಿತ್ತು, ನನಗೂ ಕಾಣುತ್ತಿತ್ತು. ವೈನಿ ಗಂಡನ ಕೈ ಹಿಡಿದುಕೊಂಡು, “ಹೌದ್ರಿ, ನುಂಗೇತಿ,” ಎಂದರು. ಜನ ಕೂಡಿ ಬಾಗಿಲು ಮುರಿಯುವಷ್ಟರಲ್ಲಿ ಮಾಸ್ತರರು ಹೋಗಿಬಿಟ್ಟಿದ್ದರು.

ಆಮೇಲೆ ಗ್ಯಾರೇಜಿನವನು ಆ ತುಂಡನ್ನು ಬಿಚ್ಚಿ ತಂದುಕೊಟ್ಟ. ಒಂದು ಗೀರೂ ಇರಲಿಲ್ಲ. ನನಗೆ ಮಾಸ್ತರರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ಅಳುವೂ ಬಂತು. ವೈನಿ ಬಕೆಟ್ಟು ತುಂಬ ನೀರು ತುಂಬಿಸಿ ಅದನ್ನು ಬಿಟ್ಟರು. ತೇಲಿತು.

“ಊರಿಗೆಲ್ಲಾ ಪಾಠ ಹೇಳಿದ್ರು,” ಎಂದರು. “ತಮ್ಮ ಕೈಗೆ ಕಲಿಸಾಕ ಆಗಲಿಲ್ಲ ನೋಡವ್ವಾ.”