ರಾಟಿ ನಿಲ್ಲಿಸುವ ಪುಸ್ತಕ

ನಮ್ಮ ನೀಲತ್ತಿಗೆ ಹುಡುಕಿ ಹುಡುಕಿ ಕೆಟ್ಟ ಪುಸ್ತಕಗಳನ್ನೇ ತಂದುಕೊಟ್ಟ ಮೂರ್ಖ ನಾನು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಕಡೆಗೆ ಹೇಳಿದರೆ, ಇವನು ಯಾರದೋ ದನಿಯನ್ನು ಅಣಕಿಸುತ್ತಿದ್ದಾನೆ ಅಂದುಕೊಂಡು ನೀವು ನಕ್ಕುಬಿಡುತ್ತೀರಿ. ನನ್ನನ್ನು ಬಲ್ಲವರೆಲ್ಲ ಹಾಗೆಯೇ ಮಾಡುತ್ತಾರೆ. ಆ ಕೆಲಸಕ್ಕೆ ನನಗೆ ಸಿಕ್ಕ ಕೂಲಿ ಬೆಟಗೇರಿಯ ತಳ್ಳುಗಾಡಿಯ ಒಂದು ಪ್ಲೇಟು ಚುರುಮುರಿಯ ಗಿರಮಿಟ್ಟು, ಜೊತೆಗೆ ಒಂದು ಬಿಸಿ ಮಿರ್ಚಿ. ಈಗಲೂ ರಸ್ತೆ ಬದಿಯಲ್ಲಿ ಹಳೆಯ ಪುಸ್ತಕ ಹರವಿಕೊಂಡು ಕೂತವರನ್ನು ಕಂಡರೆ ನಾನು ಬಗ್ಗಿ ಒಂದನ್ನು ಎತ್ತಿ ಮೂಸುತ್ತೇನೆ. ಹಳೆಯ ರಟ್ಟಿಗೆ ಹಚ್ಚಿದ ಅಂಟಿನ ವಾಸನೆಗೂ ಮಗ್ಗದ ಹಾಸಿನ ನೂಲಿಗೆ ತೊಡೆದ ಗಂಜಿಯ ವಾಸನೆಗೂ ಅಂಥ ವ್ಯತ್ಯಾಸವಿಲ್ಲ. ಅಂಗಡಿಯವನು "ಓದಾಕ ತಗೋತಿಯೋ, ಮೂಸಾಕ ತಗೋತಿಯೋ?" ಎಂದು ಕೇಳುವ ಹೊತ್ತಿಗೆ ನಾನು ಅಲ್ಲಿರುವುದಿಲ್ಲ. ಅಜ್ಜನ ಮನೆಯ ಪಡಸಾಲೆಗೆ ಹೋಗಿ ಕೂತಿರುತ್ತೇನೆ.

ಆ ಪಡಸಾಲೆಯಲ್ಲಿ ಮನುಷ್ಯರಿಗಿಂತ ಹೆಚ್ಚಿನ ಜಾಗ ಮಗ್ಗಕ್ಕೇ ಇತ್ತು. ಅಜ್ಜ ಅದರ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಸೊಂಟದ ಮೇಲಷ್ಟೇ ಕಾಣುತ್ತಿದ್ದ. ಬಹಳ ದಿನ ನಾನು ಅಜ್ಜನಿಗೆ ಕಾಲೇ ಇಲ್ಲವೆಂದು ತಿಳಿದಿದ್ದೆ. ಅವನ ಎದುರಿಗೆ, ಬಾಗಿಲಿನ ಬೆಳಕು ಬೀಳುವಲ್ಲಿ, ನಮ್ಮಪ್ಪನ ತಂಗಿ ನೀಲತ್ತಿ ರಾಟಿ ಹಿಡಿದು ಕೂತಿರುತ್ತಿದ್ದಳು. ಬಲಗೈಯಲ್ಲಿ ರಾಟಿ ತಿರುವುತ್ತ, ಎಡಗೈಯ ಬೆರಳಿನ ನಡುವೆ ನೂಲನ್ನು ಜಾರಿಸುತ್ತ, ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯೊಳಗೆ ಕೂರುವ ಸಣ್ಣ ಕಂಡಿಕೆಗಳಿಗೆ ನೂಲು ತುಂಬುವುದು ಅವಳ ಕೆಲಸ. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು, ಅವ್ವನಿಗೆ ಒಲೆಯ ಮುಂದಿನಿಂದ ಏಳಲು ಆಗುತ್ತಿರಲಿಲ್ಲ. ಹೀಗಾಗಿ ಮನೆಯ ಕಂಡಿಕೆಯೆಲ್ಲ ಅವಳೊಬ್ಬಳದೇ. ಅವಳ ಮುಂದೆ ನೆಲದ ಮೇಲೆ ಯಾವಾಗಲೂ ಒಂದು ಪುಸ್ತಕ ತೆರೆದಿರುತ್ತಿತ್ತು. ಹಾಳೆ ಹಾರದಂತೆ ಎರಡು ಕಡೆಗೂ ಒಂದೊಂದು ಹಳೆಯ ಲಾಳಿಯನ್ನು ಭಾರಕ್ಕೆ ಇಟ್ಟಿರುತ್ತಿದ್ದಳು. ಕಂಡಿಕೆ ತುಂಬಿದಾಗ ಹೇಗೂ ಕೈ ಬಿಡಬೇಕಲ್ಲ, ಆಗ ಹಾಳೆ ತಿರುವಬೇಕು. ಇದು ಅವಳಿಗೂ ಅಜ್ಜನಿಗೂ ಬಾಯಿಬಿಡದೆ ಆದ ಒಪ್ಪಂದ. ಸುಮಾರು ಪುಸ್ತಕವಾದರೆ ಹಾಳೆಯೂ ಕಂಡಿಕೆಯೂ ಜೊತೆಯಾಗಿ ಮುಗಿಯುತ್ತಿದ್ದವು. ಪುಸ್ತಕ ಚೆನ್ನಾಗಿದ್ದರೆ ಕಂಡಿಕೆ ಅರ್ಧ ತುಂಬುವಷ್ಟರಲ್ಲೇ ಹಾಳೆ ಮುಗಿದಿರುತ್ತಿತ್ತು. ಆಗ ರಾಟಿ ನಿಲ್ಲುತ್ತಿತ್ತು. ಬೇರೆ ಮನೆಯವರಿಗೆ ಸದ್ದಾದರೆ ಎಚ್ಚರ; ನಮ್ಮ ಮನೆಯಲ್ಲಿ ಸದ್ದು ನಿಂತರೆ ಎಲ್ಲರೂ ತಲೆ ಎತ್ತುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಲಾಳಿ ಬರಿದಾಗಿ ಮಗ್ಗವೂ ನಿಲ್ಲುತ್ತಿತ್ತು, ಕುಣಿಯೊಳಗಿನಿಂದ ಅಜ್ಜ ಕೂಗುತ್ತಿದ್ದ: "ನೀಲಾ, ಕಂಡಿಕಿ! ಆ ಪುಸ್ತಕದಾಗಿನವರೇನು ಬಂದು ನನಗ ನೂಲು ಸುತ್ತಿಕೊಡ್ತಾರೇನವಾ?"

ಪುಸ್ತಕ ತರುವ ಕೆಲಸ ನನ್ನದು. ನಮ್ಮ ಓಣಿ ದಾಟಿದರೆ ಒಂದು ಸಣ್ಣ ವಾಚನಾಲಯವಿತ್ತು, ಅದನ್ನು ನೋಡಿಕೊಳ್ಳುತ್ತಿದ್ದವರು ದಾವಲಸಾಬ ಕಾಕಾ. ನಮ್ಮ ಬೆಟಗೇರಿಗೆ ಅಂಟಿಕೊಂಡ ಗದಗ ಆಗ ತಾನೇ ಜಿಲ್ಲೆಯಾಗಿತ್ತು. ಊರಿನ ಬೋರ್ಡುಗಳ ಮೇಲಿದ್ದ ಧಾರವಾಡವನ್ನು ಅಳಿಸಿ ಗದಗ ಎಂದು ಬರೆಯುತ್ತಿದ್ದರು. ಅಳಿಸಿದ್ದು ಪೂರ್ತಿ ಅಳಿಯದೆ ಎರಡೂ ಊರುಗಳು ಒಂದರ ಮೇಲೊಂದು ಕೂತಿರುತ್ತಿದ್ದವು. ಕಾಕಾನ ಹತ್ತಿರವೂ ಹೊಸ ಹೆಸರಿನ ರಬ್ಬರ್ ಶಿಕ್ಕೆ ಬಂದಿತ್ತು. ಆದರೆ ಹಳೆಯದರ ಮೇಲೆ ಅವರಿಗೆ ಕರುಣೆ, ಪ್ರತಿ ಪುಸ್ತಕಕ್ಕೂ ಎರಡನ್ನೂ ಒತ್ತುತ್ತಿದ್ದರು. "ಇರ್ಲಿ ಬಿಡಪಾ, ಪಾಪ, ಇಷ್ಟು ವರ್ಷ ದುಡದೈತಿ" ಎನ್ನುತ್ತಿದ್ದರು. ನಾನು ಮನೆಗೆ ಬಂದು, ಮೂಗಿನ ತುದಿಗೆ ಇಲ್ಲದ ಕನ್ನಡಕ ಜಾರಿಸಿ, ಕಾಕಾನ ಹಾಗೆಯೇ ಬಾಯಿಂದ 'ಹಾ' ಎಂದು ಶಿಕ್ಕೆಗೆ ಉಸಿರು ಬಿಟ್ಟು ಒತ್ತಿ ತೋರಿಸಿದರೆ ನೀಲತ್ತಿ ನಕ್ಕು ನೂಲು ಹರಿದುಕೊಳ್ಳುತ್ತಿದ್ದಳು. ಆಗ ಅಜ್ಜನ ಬೈಗುಳ ನನಗೆ: "ಲೇ ಮಂಗ್ಯಾ, ಬಾಯಿ ಮುಚ್ಚತಿಯೋ, ಕುಣಿಯಾಗ ಹುಗೀಲ್ಯೋ?" ಅದನ್ನೂ ಅಜ್ಜನದೇ ದನಿಯಲ್ಲಿ ಅವನಿಗೆ ತಿರುಗಿ ಹೇಳುತ್ತಿದ್ದೆ. ಊರವರೆಲ್ಲರ ದನಿ ನನ್ನ ಗಂಟಲಲ್ಲಿತ್ತು. ನನ್ನದೇ ಒಂದು ದನಿ ಎಲ್ಲಿದೆಯೆಂದು ಯಾರೂ ಕೇಳಲಿಲ್ಲ, ನಾನೂ ಹುಡುಕಲಿಲ್ಲ.

ತಂದ ಪುಸ್ತಕವನ್ನು ನೀಲತ್ತಿ ಮೊದಲ ಪುಟದಿಂದ ನೋಡುತ್ತಿರಲಿಲ್ಲ. "ಮೊದಲನೇ ಪುಟದಾಗ ಎಲ್ಲಾರೂ ಮುಖಾ ತೊಳಕೊಂಡು ಕುಂತಿರತಾರ" ಎಂದು ನಡುವೆ ಎಲ್ಲೋ ಬೆರಳು ತೂರಿಸಿ ತೆರೆಯುತ್ತಿದ್ದಳು. ಅಲ್ಲಿರುವವರು ಏನಾದರೂ ಉಣ್ಣುತ್ತಿದ್ದಾರೆಯೇ, ಕೈಯಲ್ಲಿ ಏನಾದರೂ ಕೆಲಸವಿದೆಯೇ ಎಂದು ನೋಡುತ್ತಿದ್ದಳು. "ಇದನ್ನ ಬರದಾವಗ ಹೆಂಗಸರ ಕೈಗೆ ಏನು ಕೊಡಬೇಕಂಬೂದ ಗೊತ್ತಿಲ್ಲ ನೋಡಲೇ. ಬರೇ ಕಿಡಕಿ ಮುಂದ ನಿಂದರಸ್ತಾನ. ಆಕಿ ಇಷ್ಟೊತ್ತನ ಕಿಡಕ್ಯಾಗ ನಿಂತರ ಒಲಿ ಮ್ಯಾಲಿನ ಹಾಲು ಏನಾಗಬೇಕು?" ಎಂದು ಒಂದು ದಪ್ಪ ಕಾದಂಬರಿಯನ್ನು ಬದಿಗೆ ಸರಿಸಿದ್ದು ನೆನಪಿದೆ. ಇನ್ನೊಂದರಲ್ಲಿ ಲೇಖಕ ಪುಟಪುಟಕ್ಕೂ ನಡುವೆ ಬಂದು ಬುದ್ಧಿ ಹೇಳುತ್ತಿದ್ದ. "ಇಂವಾ ಒಳ್ಳೇ ಬೀಗರ ಮನಿಗೆ ಬಂದ ದೊಡ್ಡಪ್ಪನ ಗತೆ ಅದಾನ, ಮಂದೀನ ಮಾತಾಡಾಕ ಬಿಡವಲ್ಲ." ಇಷ್ಟವಾದ ಪುಸ್ತಕದೊಡನೆ ಅವಳು ಜಗಳವಾಡುತ್ತಿದ್ದಳು. ರಾಟಿ ನಿಲ್ಲಿಸಿ, ಒಳಗಿನ ಯಾವಳೋ ಒಬ್ಬಳಿಗೆ "ಹೋಗಬ್ಯಾಡ ಅಂದ್ನಿಲ್ಲೋ ನಿನಗ!" ಎಂದು ಗಟ್ಟಿಯಾಗಿ ಗದರುತ್ತಿದ್ದಳು. ಅಂಥ ದಿನ ಊಟಕ್ಕೆ ಕೂತರೂ ಅವಳ ಕಣ್ಣು ನಮ್ಮ ಮೇಲಿರುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಓದುವವರು ಒಬ್ಬರಾದರೂ ಇದ್ದಿರಬೇಕು. ಅವರು ಓದುವಾಗ ಅವರ ಮುಖವನ್ನೇ ನೋಡುತ್ತ ಕೂತು, ನೀವೂ ಅರ್ಧ ಕತೆ ಓದಿಕೊಂಡಿರಬೇಕು.

ಆ ಬೇಸಿಗೆಯಲ್ಲಿ ನೀಲತ್ತಿಗೆ ಹಿರೇವಡ್ಡಟ್ಟಿಯ ಒಂದು ಒಕ್ಕಲುತನದ ಮನೆಯಿಂದ ಸಂಬಂಧ ಬಂತು. ಹುಡುಗ ಮೆತ್ತನೆಯ ಮನುಷ್ಯ, ಸೀನುವಾಗಲೂ ಸುತ್ತಲಿನವರ ಅಪ್ಪಣೆ ಕೇಳುವವನಂತೆ ನೋಡುತ್ತಿದ್ದ. ಅವರು ಹೋದ ಮೇಲೆ ನಾನು ಅದನ್ನು ಮಾಡಿ ತೋರಿಸಿದೆ, ನೀಲತ್ತಿಯೂ ನಕ್ಕಳು. ಅಜ್ಜಿ "ಒಪ್ಪಿಗಿ ಐತೇನವಾ?" ಎಂದಾಗ "ನೀವು ನೋಡಿದ ಮ್ಯಾಲೆ ನಂದೇನೈತಿ" ಎಂದಳು. ನಮ್ಮಲ್ಲಿ ಅದನ್ನು ಹೂಂ ಎಂದೇ ತಿಳಿಯುತ್ತಾರೆ. ಉಳಿದದ್ದು ಸೀರೆ. ಮನೆಯ ಹೆಣ್ಣುಮಕ್ಕಳ ಲಗ್ನದ ಸೀರೆಯನ್ನು ಹೊರಗೆ ಕೊಳ್ಳುವ ಪದ್ಧತಿ ನಮ್ಮಲ್ಲಿರಲಿಲ್ಲ. ದೊಡ್ಡ ಮಗಳ ಲಗ್ನದಲ್ಲಿ ಸೀರೆ ಹೊತ್ತಿಗೆ ಮುಗಿಯದೆ, ನೇಕಾರನ ಮನೆಯ ಹುಡುಗಿ ಅಂಗಡಿ ಸೀರೆಯುಟ್ಟು ನಿಂತಳೆಂದು ಅಜ್ಜನಿಗೆ ಮಾಸದ ನೋವು. ಅದಕ್ಕೆ ಈ ಸಲ ಅವನು ಹಟ ಹಿಡಿದ: "ಸೀರಿ ಮಗ್ಗದಿಂದ ಇಳೀಲಿ, ಆಮ್ಯಾಲೆ ಮುಹೂರ್ತ ಕೇಳೂಣು." ಬೀಗರು ಒಪ್ಪಿದರು, ಆದರೆ ಒಂದು ಮಾತು ಸೇರಿಸಿದರು: "ಮಳಿ ಬಿದ್ದು ಬಿತ್ತಿಗಿ ಚಾಲೂ ಆತಂದ್ರ ನಮಗ ಕೈ ಬಿಡಾಕ ಆಗಂಗಿಲ್ಲರೀ. ಅಷ್ಟರಾಗ ಆಗಲಿಲ್ಲಂದ್ರ ದೀವಳಗಿ ಆದ ಮ್ಯಾಲೇ ನೋಡೂಣು."

ಅದೇ ದಿನಗಳಲ್ಲಿ ಹೊಸ ಜಿಲ್ಲೆಯ ಹೆಸರಿನಲ್ಲಿ ಕಾಕಾನ ವಾಚನಾಲಯಕ್ಕೆ ಪೆಟ್ಟಿಗೆಗಟ್ಟಲೆ ಹೊಸ ಪುಸ್ತಕ ಬಂದವು. ಸುದ್ದಿ ತಂದವನು ನಾನೇ. ನೀಲತ್ತಿಯ ಮುಖ ನೋಡಬೇಕಿತ್ತು. "ಅದರಾಗ ಹೆಂಗಾರ ಮಾಡಿ ಕೈ ನಿಂದ್ರಸೋವಂಥಾದು ತಾರೋ, ದಪ್ಪಂದು ತಾ" ಎಂದಳು. ಕುಣಿಯೊಳಗಿದ್ದ ಅಜ್ಜನ ಕಿವಿಗೂ ಅದು ಬಿತ್ತು. ಸಂಜೆ ನನ್ನನ್ನು ಗಿರಮಿಟ್ಟಿನ ಗಾಡಿಗೆ ಕರೆದುಕೊಂಡು ಹೋದ. ಅಜ್ಜ ಹೊರಗೆ ತಿನ್ನಲು ಕರೆದದ್ದು ಅದೇ ಮೊದಲು. ನಾನು ಬಾಯಿ ತುಂಬಿಕೊಂಡಿದ್ದಾಗ ಮೆಲ್ಲಗೆ ಹೇಳಿದ: "ಸೀರಿ ಇಳಿಯೂತನಕ ಓದಿದ್ರ ಆಕಳಿಕಿ ಬರೂವಂಥಾವ ತಾ. ಆಕೀಗೇನ ಪುಸ್ತಕ ಓಡಿಹೊಕ್ಕಾವೇನು? ಲಗ್ನ ಆದ ಮ್ಯಾಲೆ ಬೇಕಾದಷ್ಟು ಓದ್ಲಿ." ಹಿರೇವಡ್ಡಟ್ಟಿಯಲ್ಲಿ ವಾಚನಾಲಯವಿದೆಯೋ ಇಲ್ಲವೋ ಎಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮಿರ್ಚಿ ಬಿಸಿಯಾಗಿತ್ತು.

ಮರುದಿನ ಹೋಗಿ ಕೇಳಿದಾಗ ದಾವಲಸಾಬ ಕಾಕಾ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಊರಾಗ ಎಲ್ಲಾರೂ ಛಲೋ ಪುಸ್ತಕ ಕೇಳ್ತಾರ, ನೀ ಒಬ್ಬಾವ ಕೆಟ್ಟದ್ದ ಕೇಳಾಕ ಬಂದಿ. ಆರಾಮ ಅದಿಯಿಲ್ಲೋ?" ನಾನೇ ಹುಡುಕಿ, ದನಗಳ ರೋಗದ ಮೇಲಿನ ಒಂದು ಪುಸ್ತಕ ಒಯ್ದೆ. ಇದಕ್ಕಿಂತ ನೀರಸವಾದದ್ದು ಭೂಮಿಯ ಮೇಲಿಲ್ಲ ಎಂದುಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ರಾಟಿ ನಿಂತಿತು. ಅಜ್ಜ ಕುಣಿಯಿಂದ ನನ್ನನ್ನು ದುರುಗುಟ್ಟಿ ನೋಡಿದ. ನೀಲತ್ತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಗಂಟಲಬ್ಯಾನಿ ಬಂದ ಎತ್ತಿಗೆ ನೀರು ಹೆಂಗ ಕುಡಸಬೇಕಂತ ಬರದಾನ ನೋಡಲೇ. ಈ ಮನಿಷ್ಯಾ ಖರೇನ ಒಂದು ಎತ್ತಿನ ಬಾಜೂಕ ಕುಂತಾನ." ಆಮೇಲೆ ನಾನು ಹುಷಾರಾದೆ. ಕಿಟಕಿಯ ಮುಂದೆ ನಿಲ್ಲುವ ಹೆಂಗಸರನ್ನೂ, ಬುದ್ಧಿ ಹೇಳುವ ದೊಡ್ಡಪ್ಪಂದಿರನ್ನೂ ಆರಿಸಿ ಆರಿಸಿ ತಂದೆ. ಒಳ್ಳೆಯ ಪುಸ್ತಕ ಹೇಗಿರುತ್ತದೆಂದು ಅವಳೇ ಕಲಿಸಿದ್ದಳಲ್ಲ, ಅದನ್ನೇ ತಿರುವಿಹಾಕಿ ಬಳಸಿದೆ. "ಇದರಾಗ ಜೀವಾನ ಇಲ್ಲಲ್ಲೋ ಮಂಗ್ಯಾ" ಎಂದಳು. "ಛಲೋವೆಲ್ಲಾ ಗದಗಿನವರು ಒಯ್ದಬಿಟ್ರಪಾ" ಎಂದು ನಾನು ಕಾಕಾನ ದನಿಯಲ್ಲೇ ಹೇಳಿದೆ. ಮೊದಲ ಸಲ ನಕ್ಕಳು, ಎರಡನೆಯ ಸಲ ನಗಲಿಲ್ಲ. ತಾನೇ ಹೋಗಿ ತರುತ್ತೇನೆಂದು ಚಪ್ಪಲಿ ಮೆಟ್ಟಿದಳು. "ಲಗ್ನ ಗೊತ್ತಾದಾಕಿ ಈ ಬಿಸಲಾಗ ಮುಖಾ ಸುಟ್ಟಕೊಳ್ಳಾಕ ಹೊಂಟೇನು?" ಎಂದು ಅಜ್ಜಿ ಬಾಗಿಲಲ್ಲೇ ತಡೆದಳು. ಅವಳು ತಿರುಗಿ ಬಂದು ಕೂತಳು. ರಾಟಿ ನಿಲ್ಲದೆ ತಿರುಗಿತು, ಹಾಳೆಯೂ ಕಂಡಿಕೆಯೂ ಜೊತೆಜೊತೆಗೆ ಮುಗಿದವು, ಮಗ್ಗದ ಮೇಲೆ ಸೀರೆಯ ಕೆಂಪು ದಿನದಿನಕ್ಕೆ ಸುತ್ತಿಕೊಳ್ಳುತ್ತ ಹೋಯಿತು. ತನ್ನ ಲಗ್ನದ ಸೀರೆಯ ಹೊಕ್ಕಿನ ನೂಲನ್ನು ಅವಳು ತಾನೇ ಸುತ್ತಿಕೊಟ್ಟಳು.

ಸೀರೆ ಮುಗಿಯುತ್ತ ಬಂದು ಸೆರಗು ನೇಯುವ ಹೊತ್ತಿಗೆ ಕಾಕಾ ಒಂದು ಪುಸ್ತಕ ತೆಗೆದಿಟ್ಟಿದ್ದರು. "ಇದು ನೀಲವ್ವಗಂತ ಇಟ್ಟೇನಿ, ಬ್ಯಾರೇದವರಿಗೆ ಕೊಟ್ಟಿಲ್ಲ" ಎಂದರು. ನಾನು ಅದನ್ನು ಅವಳ ಹಾಗೆಯೇ ನಡುವೆ ಬೆರಳು ಹಾಕಿ ತೆರೆದೆ. ಒಬ್ಬ ಹೆಂಗಸು ಬದನೆಕಾಯಿ ಮಾರುವವಳೊಡನೆ ಚೌಕಾಸಿ ಮಾಡುತ್ತ, ಮನೆಯಲ್ಲಿ ಯಾರಿಗೂ ಹೇಳದ ಮಾತೊಂದನ್ನು ಅವಳ ಮುಂದೆ ಹೇಳಿಬಿಡುತ್ತಾಳೆ. ನಾನು ಬಿಸಿಲಿನ ಕಟ್ಟೆಯ ಮೇಲೆ ಬರಿಗಾಲಲ್ಲಿ ನಿಂತೇ ಓದಿದೆ. ಅಂಗಾಲು ಸುಟ್ಟದ್ದು ಬಹಳ ಹೊತ್ತಿನ ಮೇಲೆ ತಿಳಿಯಿತು. ಅದು ರಾಟಿ ನಿಲ್ಲಿಸುವ ಪುಸ್ತಕವೇ. ಅದಕ್ಕೇ ಅದನ್ನು ಕಾಕಾನಿಗೆ ತಿರುಗಿ ಕೊಟ್ಟು, "ಮುಂದಿನ ಸರ್ತಿ ಒಯ್ತೀನ್ರಿ" ಎಂದು ಬಂದುಬಿಟ್ಟೆ. ಸೀರೆ ಮಗ್ಗದಿಂದ ಇಳಿದು, ಅಜ್ಜ ಅದನ್ನು ಮಡಿಚಿ ದೇವರ ಜಗುಲಿಯ ಮೇಲಿಟ್ಟು ಕೈಮುಗಿದ ಮರುದಿನ, ಓಡಿಹೋಗಿ ಆ ಪುಸ್ತಕ ತಂದು ಅವಳ ಕೈಗಿಟ್ಟೆ, ದೊಡ್ಡ ಉಪಕಾರ ಮಾಡಿದವನ ಹಾಗೆ. ನೀಲತ್ತಿ ತೆರೆದು ನೋಡಲಿಲ್ಲ. "ಈಗ್ಯಾಕೋ" ಎಂದು ಮೂಲೆಗಿಟ್ಟಳು. ಲಗ್ನದ ಗಡಿಬಿಡಿ ಅಂದುಕೊಂಡೆ. ಬಿತ್ತಿಗೆಗೆ ಮುಂಚೆಯೇ ಮುಹೂರ್ತ ಸಿಕ್ಕಿತು. ಆ ಕೆಂಪು ಸೀರೆಯಲ್ಲಿ ಅವಳನ್ನು ನೋಡಿ ಊರೇ ಹೊಗಳಿತು, ಅಜ್ಜ ಹೊಗಳಿಕೆಯನ್ನೆಲ್ಲ ತನ್ನ ಕೈಗೇ ಎಣಿಸಿಕೊಂಡ.

ಆಮೇಲೆ ಮನೆಯ ಸದ್ದೇ ಬದಲಾಯಿತು. ಅವ್ವ ರಾಟಿಗೆ ಕೂತಳು. ಅದು ಎಲ್ಲಿಯೂ ನಿಲ್ಲದೆ ಒಂದೇ ಸಮನೆ ತಿರುಗುತ್ತಿತ್ತು, ಅಜ್ಜನಿಗೆ ಕೂಗುವ ಪ್ರಸಂಗವೇ ಬರಲಿಲ್ಲ. ಒಮ್ಮೊಮ್ಮೆ ಅವನು ಕಂಡಿಕೆ ಇದ್ದಾಗಲೂ ಲಾಳಿ ಹಿಡಿದು ಸುಮ್ಮನೆ ಬಾಗಿಲ ಬೆಳಕಿನ ಕಡೆಗೆ ನೋಡುತ್ತ ಕೂತಿರುತ್ತಿದ್ದ. ತವರಿಗೆ ಬಂದಾಗ ನೀಲತ್ತಿ ಮೊದಮೊದಲು ಒಂದೆರಡು ಪುಸ್ತಕ ಒಯ್ಯುತ್ತಿದ್ದಳು, ಓದದೆಯೇ ತಿರುಗಿ ತರುತ್ತಿದ್ದಳು. ಆಮೇಲೆ ಒಯ್ಯುವುದನ್ನೂ ಬಿಟ್ಟಳು. ಅಜ್ಜ ಹೋದ, ದಾವಲಸಾಬ ಕಾಕಾ ಹೋದರು. ಕುಣಿಗೆ ಮಣ್ಣು ತುಂಬಿ ಮೇಲೆ ಫರಸಿ ಕಲ್ಲು ಹಾಕಿದ್ದೇವೆ. ಈಗ ಅಲ್ಲಿ ನನ್ನ ಗಾಡಿ ನಿಲ್ಲುತ್ತದೆ. ಮಗ್ಗದ ಕಟ್ಟಿಗೆ ಏನಾಯಿತೆಂದು ಕೇಳಿದರೆ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಹೋದ ಸುಗ್ಗಿಯಲ್ಲಿ ನಾನು ಹಿರೇವಡ್ಡಟ್ಟಿಗೆ ಹೋದಾಗ ಒಂದು ಚೀಲ ಪುಸ್ತಕ ಒಯ್ದಿದ್ದೆ, ಒಂದೊಂದನ್ನೂ ನಡುವೆ ತೆರೆದು ನೋಡಿ ಆರಿಸಿದ್ದೆ. ನೀಲತ್ತಿ ಅಂಗಳದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಮಾವ, ಅದೇ ಮೆತ್ತನೆಯ ಮನುಷ್ಯ, ಘಾಟಿಗೆ ಸೀನಿ ಸುತ್ತಲೂ ನೋಡಿ ಹೊಲಕ್ಕೆ ಹೋದರು. "ಈಗ ಓದಾಕ ಹಿಡದ್ರ ಕಣ್ಣಾಗ ನೀರು ಬರ್ತಾವೋ, ಕತಿ ಸಲುವಾಗಲ್ಲ" ಎಂದು ಚೀಲವನ್ನು ಒಳಗಿಟ್ಟು ಬಂದಳು. ಆಮೇಲೆ, "ಅಪ್ಪನ ದನಿ ತಗಿಯಲೇ ಒಮ್ಮೆ" ಎಂದಳು. ನಾನು ಅಜ್ಜನಂತೆ ಕೆಮ್ಮಿ, ಕೊರಳು ಚಾಚಿ, "ನೀಲಾ, ಕಂಡಿಕಿ!" ಎಂದೆ. ಅವಳು ನಕ್ಕಳು, ನಗುತ್ತ ನಗುತ್ತ ಕೈಯ ಖಾರ ಮರೆತು ಕಣ್ಣೊರೆಸಿಕೊಳ್ಳಲು ಹೋದಳು; ನಾನು ಕೈ ಹಿಡಿದು ತಡೆದೆ. ಆ ಸಲಿಗೆಯಲ್ಲಿ ಗಿರಮಿಟ್ಟಿನ ಕತೆಯನ್ನೂ ಹೇಳಿಬಿಟ್ಟೆ. ಅಜ್ಜನ ಪಿಸುಮಾತು, ಕಾಕಾನ ಆಶ್ಚರ್ಯ, ಕಟ್ಟೆಯ ಮೇಲೆ ಕಾಲು ಸುಟ್ಟುಕೊಂಡ ನನ್ನ ಕುಣಿತ, ಎಲ್ಲವನ್ನೂ ಆಯಾ ದನಿಗಳಲ್ಲೇ ಆಡಿ ತೋರಿಸಿದೆ. ಅವಳು ನಗಲಿಲ್ಲ. ನಾನು ಕೊನೆಗೆ ನನ್ನದೇ ದನಿಯಲ್ಲಿ, "ತವರಮನಿಯಾಗ ಕಡೀ ದಿವಸದಾಗ ನಿನಗ ಒಂದು ಛಲೋ ಪುಸ್ತಕ ಓದಾಕ ಬಿಡ್ಲಿಲ್ಲತ್ತಿ ನಾ" ಎಂದೆ. ಅವಳು ಮಡಿಲಿನಿಂದ ಇನ್ನೊಂದು ಮೆಣಸಿನಕಾಯಿ ತೆಗೆದು, ತೊಟ್ಟು ಮುರಿದು, ನನ್ನ ಕಡೆ ನೋಡದೆ ಹೇಳಿದಳು:

"ಓದಾಕ ಯಾರು ಕೇಳಿದ್ರಲೇ ಹುಚ್ಚ? ಸೀರಿ ತಡಾ ಆಗ್ಲಿ ಅಂತ ಕೇಳಿದ್ನಿ."